ಮೈಕ್ ಮ್ಯೂಟ್ ಕೀ ಒತ್ತಿದ್ರೆ ಲಿನಕ್ಸ್‌ಗೆ ಗೊತ್ತೇ ಆಗಲ್ಲ, ಡ್ರೈವರ್‌ನಲ್ಲಿ ಎಲ್ಲಿ ಕೈ ಹಾಕೋದು?

ಸಂಜೆಕಾಫಿ:
ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡೆ, ಕಂಪನಿ ಹೆಸರು ಬೇಡ ಬಿಡಿ. ಡೆಬಿಯನ್ ಲಿನಕ್ಸ್ ಹಾಕ್ದೆ, ವೈಫೈ ಸೌಂಡು ಬ್ರೈಟ್‌ನೆಸ್ ಕೀ ಎಲ್ಲ ಮೊದಲ ಸಲಕ್ಕೇ ಬಂತು. ಎಫ್‌ಎನ್ ಜೊತೆ ಎಫ್4 ಒತ್ತಿದ್ರೆ ಮೈಕ್ ಮ್ಯೂಟ್ ಆಗ್ಬೇಕು, ಅದೊಂದು ಮಾತ್ರ ಸತ್ತಂಗೆ ಬಿದ್ದಿದೆ. ಮೀಟಿಂಗ್ ಮಧ್ಯೆ ಅಡುಗೆಮನೇಲಿ ಕುಕ್ಕರ್ ಕೂಗಿದಾಗೆಲ್ಲ ಮೌಸ್ ತಡಕಾಡೋದೇ ಆಗಿದೆ. ಸಿ ಭಾಷೆ ಸ್ವಲ್ಪ ಬರುತ್ತೆ, ಕರ್ನಲ್ (ಓಎಸ್‌ನ ತಿರುಳು) ಯಾವತ್ತೂ ಮುಟ್ಟಿಲ್ಲ. ಹೊಸ ಡ್ರೈವರ್ರೇ ಬರೀಬೇಕಾ?

ಬೆಣ್ಣೆದೋಸೆ64:
ಒಂದು ಕೀಗೋಸ್ಕರ ಕರ್ನಲ್ ಯಾಕೆ ಗುರು, ಬೇರೆ ಶಾರ್ಟ್‌ಕಟ್ ಇಟ್ಕೊಂಡು ಆರಾಮಾಗಿರು.

ಗಿರ್ಮಿಟ್:
ತಡೀರಿ, ಮೊದಲು ಕೀ ಯಾವ ದಾರೀಲೆ ಬರ್ತದ ನೋಡ್ರಿ. ಎಫ್‌ಎನ್ ಕೀ ಸಾಮಾನ್ಯವಾಗಿ ಓಎಸ್‌ಗೆ ಕಾಣಂಗೇ ಇಲ್ಲ, ಒಳಗಿನ ಎಂಬೆಡೆಡ್ ಕಂಟ್ರೋಲರ್ (ಬೋರ್ಡ್ ಮ್ಯಾಲಿನ ಸಣ್ಣ ಚಿಪ್) ತಾನೇ ಅದನ್ನ ನುಂಗಿಬಿಡ್ತದ. ಆಮ್ಯಾಲೆ ಅದು ಸಾದಾ ಕೀಬೋರ್ಡ್ ಹಂಗ ಒಂದು ಸ್ಕ್ಯಾನ್‌ಕೋಡ್ (ಕೀಯ ನಂಬರ್) ಕಳಸ್ತದ, ಇಲ್ಲಾಂದ್ರ ಎಸಿಪಿಐ (ಯಂತ್ರದ ಒಳಗಿನ ಫರ್ಮ್‌ವೇರ್ ಮತ್ತ ಓಎಸ್ ಮಾತಾಡೋ ದಾರಿ) ಕಡೆಯಿಂದ ಡಬ್ಲ್ಯೂಎಂಐ ಈವೆಂಟ್, ಅಂದ್ರ ಕಂಪನಿಯವರ ಸ್ವಂತ ಸುದ್ದಿ, ಎಬ್ಬಸ್ತದ. ಕೀ ಒತ್ತಿ ಡಿಮೆಸೇಜ್ (ಕರ್ನಲ್ ಬರೆಯೋ ಲಾಗ್) ತೆಗೀರಿ. ‘ಅನ್‌ನೋನ್ ಕೀ ಪ್ರೆಸ್ಡ್’ ಅಂತ ಬಂದು, ಕೆಳಗ ಸೆಟ್‌ಕೀಕೋಡ್ಸ್ ಬಳಸು ಅಂತ ಬುದ್ಧೀನೂ ಹೇಳಿದ್ರ ಅದು ಸ್ಕ್ಯಾನ್‌ಕೋಡ್, ಡ್ರೈವರ್ ಮುಟ್ಟೋದೇ ಬ್ಯಾಡ, ಸಿಸ್ಟಮ್‌ಡಿಯ ಎಚ್‌ಡಬ್ಲ್ಯೂಡಿಬಿ (ಯಾವ ಕೋಡ್‌ಗೆ ಯಾವ ಕೀ ಅಂತ ಬರೆದಿಡೋ ಪಟ್ಟಿ) ಒಳಗ ಎರಡು ಸಾಲು ಬರದ್ರ ಮುಗೀತು. ಕೆಲವು ಕೀಗಳು ಒತ್ತಿದ್ದು ಹೇಳ್ತಾವ, ಬಿಟ್ಟಿದ್ದು ಹೇಳಂಗಿಲ್ಲ, ಅಂಥವಕ್ಕ ಕೀ ಹೆಸರಿನ ಮುಂದ ಒಂದು ಆಶ್ಚರ್ಯಸೂಚಕ ಹಾಕ್ರಿ, ಇಲ್ಲಾಂದ್ರ ಕೀ ಒತ್ತಿದಂಗೇ ಕೂತಿರ್ತದ (ನಾ ಒಂದಿನ ಇಡೀ ಇದರಾಗ ಕಳದೀನಿ).

ಸಂಜೆಕಾಫಿ:
ಸಾರ್, ಡಿಮೆಸೇಜಲ್ಲಿ ಆ ಕಂಪನಿಯ ಡಬ್ಲ್ಯೂಎಂಐ ಡ್ರೈವರ್ ಹೆಸರು ಹಾಕ್ಕೊಂಡೇ ‘ಅನ್‌ನೋನ್ ಕೀ, ಹೆಕ್ಸ್ 1ಡಿ’ ಅಂತ ಬರ್ತಿದೆ, ಒತ್ತಿದಾಗೆಲ್ಲ ಒಂದೊಂದು ಸಾಲು.

ಗಿರ್ಮಿಟ್:
ಹಂಗಾರ ಪುಣ್ಯ ಮಾಡೀರಿ. ಡ್ರೈವರ್ ಐತಿ, ಈವೆಂಟೂ ಬರಾಕತ್ತೇತಿ, ಟೇಬಲ್‌ನಾಗ ಹೆಸರಿಲ್ಲ ಅಷ್ಟ. ಕರ್ನಲ್ ಸೋರ್ಸ್‌ನಾಗ ಡ್ರೈವರ್ಸ್, ಅದರಾಗ ಪ್ಲಾಟ್‌ಫಾರ್ಮ್, ಅದರಾಗ ಎಕ್ಸ್86 ಫೋಲ್ಡರ್. ಆ ಫೈಲ್ ತೆರದು ಸ್ಪಾರ್ಸ್ ಕೀಮ್ಯಾಪ್ ಟೇಬಲ್ (ಯಾವ ಕೋಡ್ ಬಂದ್ರ ಯಾವ ಕೀ ಅನ್ನೋ ಪಟ್ಟಿ) ಹುಡುಕ್ರಿ, ಕೊನೀಗೆ ಕೆಇ_ಎಂಡ್ ಅಂತಿರ್ತದ, ಅದರ ಮ್ಯಾಲೆ ಒಂದು ಸಾಲು: ಕೆಇ_ಕೀ, ನಿಮ್ಮ 1ಡಿ, ಕೀ_ಮೈಕ್‌ಮ್ಯೂಟ್. ಅಲ್ಲೇ ಕೆಇ_ಇಗ್ನೋರ್ ಅಂತಿರೋ ಸಾಲು ಕಂಡ್ರ ಅಳಸಬ್ಯಾಡ್ರಿ. ಫರ್ಮ್‌ವೇರ್ ತಾನೇ ಕೆಲಸ ಮಾಡಿ ಬರೇ ಸುದ್ದಿ ಕಳಸೋ ಕೀ ಅವು, ಅದನ್ನೂ ಕೀ ಅಂತ ಕಳಿಸಿದ್ರ ಒಂದ್ಸಲ ಒತ್ತಿದ್ದು ಎರಡು ಸಲ ಆಗ್ತದ.

ಸಂಜೆಕಾಫಿ:
ಹಾಕ್ದೆ, ಬಿಲ್ಡ್ ಆಯ್ತು, ಇವಿಟೆಸ್ಟ್‌ನಲ್ಲಿ (ಕೀ ಪರೀಕ್ಷಿಸೋ ಟೂಲ್) ಮೈಕ್‌ಮ್ಯೂಟ್ ಕೋಡ್ 248 ಅಂತ ಚೆನ್ನಾಗಿ ಬರ್ತಿದೆ. ಆದ್ರೆ ಡೆಸ್ಕ್‌ಟಾಪ್ ಇನ್ನೂ ಕಿವಿ ಕೊಡ್ತಿಲ್ಲ?!

ಮಲ್ನಾಡ್_ಮಳೆ:
ಎಕ್ಸ್11 (ಪರದೆ, ಕೀಬೋರ್ಡ್ ನೋಡ್ಕೊಳ್ಳೋ ಹಳೇ ವ್ಯವಸ್ಥೆ) ಓಡಿಸ್ತಿದೀರಾ? ಅದೇ ಸಮಸ್ಯೆ. ಎಕ್ಸ್ ಕರ್ನಲ್ ಕೋಡ್‌ಗೆ 8 ಕೂಡಿಸ್ಕೊಳ್ಳುತ್ತೆ, 248 ಹೋಗಿ 256 ಆಗುತ್ತೆ, ಅದರ ಮಿತಿ 255. ಒಂದೇ ಒಂದರಲ್ಲಿ ತಪ್ಪಿಹೋಯ್ತು ನೋಡಿ, ಬಸ್ ಬಾಗಿಲು ಹಾಕಿದ ಮೇಲೆ ಓಡಿ ಬಂದವನ ಥರ. ಹಾಗಂತ ಡ್ರೈವರ್‌ನಲ್ಲಿ ಎಫ್20 ಅಂತ ಬದಲಾಯಿಸ್ಬೇಡಿ, ಅಲ್ಲಿ ಮೈಕ್‌ಮ್ಯೂಟೇ ಸರಿ. ಎಫ್20 ಮಾಡೋದು ಎಚ್‌ಡಬ್ಲ್ಯೂಡಿಬಿಯಲ್ಲಿ, ಅದರ ಕೋಡ್ 190, ಎಕ್ಸ್‌ಗೆ 198 ಆಗಿ ಆರಾಮಾಗಿ ಹೋಗುತ್ತೆ. ಹಿಂದೆ ಬಹಳ ಲ್ಯಾಪ್‌ಟಾಪ್‌ಗೆ ಹೀಗೇ ಬರೆದಿಟ್ಟಿದ್ರು. ಎಕ್ಸ್‌ನ ಜಾಗಕ್ಕೆ ಬಂದಿರೋ ವೇಲ್ಯಾಂಡಲ್ಲಿ ಈ 255ರ ಕಾಟ ಇಲ್ಲ.

ಸಂಜೆಕಾಫಿ:
ಬಂತು ಬಂತು!! ಆದ್ರೆ ಕೀ ಮೇಲಿನ ಸಣ್ಣ ಕಿತ್ತಳೆ ಲೈಟ್ ಹತ್ತಲ್ಲ, ಮ್ಯೂಟ್ ಮಾತ್ರ ಆಗುತ್ತೆ.

ಗಿರ್ಮಿಟ್:
ಅದು ಬ್ಯಾರೇನೇ ಕಥಿ. ಲೈಟ್ ಹಚ್ಚಾಕ ಡ್ರೈವರ್ರೇ ಫರ್ಮ್‌ವೇರ್‌ನ ಮೆಥಡ್ ಕರೀಬೇಕು, ಆಮ್ಯಾಲೆ ಅದನ್ನ ಎಲ್‌ಇಡಿ ಡಿವೈಸ್ ಮಾಡಿ ಆಡಿಯೋ-ಮೈಕ್‌ಮ್ಯೂಟ್ ಟ್ರಿಗರ್‌ಗೆ ಕಟ್ಟಬೇಕು. ಎಸಿಪಿಐಡಂಪ್ ಟೂಲ್‌ನಿಂದ ತೆಗದು, ಐಎಎಸ್‌ಎಲ್ ಟೂಲ್‌ನಿಂದ ಬಿಡಿಸಿ ಡಿಎಸ್‌ಡಿಟಿ (ಫರ್ಮ್‌ವೇರ್ ಕೊಡೋ ಎಸಿಪಿಐ ಕೋಡ್) ಓದ್ರಿ, ಕಣ್ಣು ಉರೀತಾವ. ಈಗ ಇರೋ ಒಂದು ಸಾಲು ಮೊದಲು ಕರ್ನಲ್ ಮಂದಿಗೆ ಕಳಸ್ರಿ: ಗಿಟ್ ಸೆಂಡ್-ಇಮೇಲ್, ಸಾದಾ ಟೆಕ್ಸ್ಟ್, ಸೈನ್ಡ್-ಆಫ್-ಬೈ (ನಿಮ್ಮ ಹೆಸರಿನ ಸಹಿ ಸಾಲು) ಮರೀಬ್ಯಾಡ್ರಿ.

ಸಂಜೆಕಾಫಿ:
ಇವತ್ತು ರಾತ್ರಿ ಕಳಿಸ್ತೀನಿ. ಡಿಎಸ್‌ಡಿಟಿ ತೆಗೆದೆ ಸಾರ್, ನಲವತ್ತು ಸಾವಿರ ಸಾಲಿದೆ, ಭಾನುವಾರ ನೋಡ್ತೀನಿ.