ಕಾಫಿ ಮ್ಯೂಸಿಯಂನಲ್ಲಿ ಒಂದಿನ ಹ್ಯಾಮ್ (ಹವ್ಯಾಸಿ ರೇಡಿಯೋ) ಸ್ಟೇಷನ್ ಹಾಕ್ಬೇಕು ಅಂತಿದೀವಿ, ಸಲಹೆ ಬೇಕು

ಗಿರಿತರಂಗ (ಚಿಕ್ಕಮಗಳೂರು):
ಎಲ್ರಿಗೂ ನಮಸ್ಕಾರ. ನಮ್ಮ ಕ್ಲಬ್ಬಲ್ಲಿ ಈ ಸಲ ಅವರವರ ಮನೇಲಿ ಕೂತು ಮಾತಾಡೋದು ಬಿಟ್ಟು ಜನಗಳ ಮಧ್ಯೆ ಒಂದಿನ ಸ್ಟೇಷನ್ ಹಾಕೋಣ ಅಂತ ಮಾತಾಗಿದೆ, ಜಾಗ ನಮ್ಮೂರ ಕಾಫಿ ಮ್ಯೂಸಿಯಂ. ಮೇ 18 ಅಂತಾರಾಷ್ಟ್ರೀಯ ಮ್ಯೂಸಿಯಂ ದಿನ, ಆಮೇಲೆ ಜೂನ್‌ನಲ್ಲಿ ಹ್ಯಾಮ್‌ಗಳದ್ದೇ ಇಂಟರ್‌ನ್ಯಾಷನಲ್ ಮ್ಯೂಸಿಯಮ್ಸ್ ವೀಕೆಂಡ್ ಬರುತ್ತೆ, ಎರಡ್ರಲ್ಲಿ ಒಂದು ಅನ್ಕೊಂಡಿದೀವಿ. ನೂರು ವ್ಯಾಟ್ ರಿಗ್ (ರೇಡಿಯೋ ಸೆಟ್ಟು) ಇದೆ, ವೈರ್ ಇದೆ, ಆಪರೇಟರ್‌ಗಳಿಗೂ ಕೊರತೆ ಇಲ್ಲ. ನನ್ನ ಚಿಂತೆ ಬೇರೆ. ಅಲ್ಲಿಗೆ ಬರೋರು ಸ್ಕೂಲ್ ಮಕ್ಳು, ಟೂರಿಸ್ಟ್‌ಗಳು, ಮೂಲೇಲಿ ನಾಕು ಜನ ಹೆಡ್‌ಫೋನ್ ಹಾಕ್ಕೊಂಡು ಫೈವ್ ನೈನ್ ಫೈವ್ ನೈನ್ (ನಿಮ್ಮ ಸಿಗ್ನಲ್ ಚೆನ್ನಾಗಿ ಬರ್ತಿದೆ) ಅಂತಿದ್ರೆ ಅವ್ರಿಗೆ ಏನ್ ಅರ್ಥ ಆಗ್ಬೇಕು, ಎರಡು ನಿಮಿಷ ನಿಂತು ಹೋಗ್ತಾರೆ ಅಷ್ಟೆ. ಕಾಫಿಗೂ ರೇಡಿಯೋಗೂ ಏನಾದ್ರೂ ಸಂಬಂಧ ಕಾಣೋ ಹಾಗೆ ಮಾಡ್ಬೇಕು. ಜೊತೆಗೆ ಬ್ಯಾಂಡ್, ಆಂಟೆನಾ ವಿಷಯಾನೂ ಹೇಳಿ.

ಡೈಪೋಲ್_ಹಾಸನ:
ಒಳ್ಳೆ ಕೆಲಸ ಗೆಳೆಯಾ. ಮೊದ್ಲು ದಿನದ ವಿಷಯ. ಮೇ ತಿಂಗಳಲ್ಲಿ ನಿಮ್ಮ ಕಡೆ ಮಧ್ಯಾಹ್ನ ಮೂರಾದ್ರೆ ಗುಡುಗು ಶುರು, 40 ಮೀಟರ್ ಬ್ಯಾಂಡ್ (7 ಮೆಗಾಹರ್ಟ್ಸ್) ಪೂರ್ತಿ ಚಟಚಟ ಅನ್ನುತ್ತೆ, ಅದಕ್ಕಿಂತ ಮುಖ್ಯ ಸಿಡಿಲು ಬಡಿಯೋ ಹೊತ್ತಲ್ಲಿ ವೈರ್ ಮೇಲಿರಬಾರ್ದು, ಆಂಟೆನಾ ಕಿತ್ತು ಆಚೆ ಇಡ್ಲೇಬೇಕು. ಜೂನ್ ಅಂದ್ರೆ ಮಳೆಗಾಲ ಹಿಡ್ಕೊಂಡಿರುತ್ತೆ. ಮೇ 18ಕ್ಕೇ ಮಾಡೋದಾದ್ರೆ ಬೆಳಿಗ್ಗೆ ಬೇಗ ಶುರು ಮಾಡಿ ಊಟದ ಹೊತ್ತಿಗೆ ಮುಗಿಸೋ ಲೆಕ್ಕ ಇಟ್ಕೊಳಿ.

ಬ್ಯಾಂಡ್ ಅಂದ್ರೆ 40 ಮತ್ತೆ 20 ಮೀಟರ್ ಎರಡೂ ಬೇಕು. ಹಗಲಲ್ಲಿ 40ರಲ್ಲಿ ಕೆಲವು ನೂರು ಕಿಲೋಮೀಟರ್ ಒಳಗಿನೋರು ಆರಾಮಾಗಿ ಸಿಗ್ತಾರೆ, ಬಿಸಿಲಿಗೆ ಅಯಾನುಗೋಳದ (ವಾತಾವರಣದ ಮೇಲ್ಗಡೆ ವಿದ್ಯುತ್ ಕಣ ತುಂಬಿರೋ ಭಾಗ) ಕೆಳಗಿನ ಡಿ ಪದರ ದೂರದ ಸಿಗ್ನಲ್ ಹೀರ್ಕೊಳತ್ತಲ್ಲ ಅದಕ್ಕೆ ದೂರದ್ದು ಅಲ್ಲಿ ಬರಲ್ಲ, ಫಾರಿನ್ ಬೇಕಂದ್ರೆ 20. ಡೈಪೋಲ್ (ನಡುವಲ್ಲಿ ಕೇಬಲ್ ಸೇರೋ ವೈರ್ ಆಂಟೆನಾ) 40ಕ್ಕೆ ಒಟ್ಟು 66 ಅಡಿ, 20ಕ್ಕೆ 33 ಅಡಿ, ನಡುಭಾಗ ಒಂದು 30 ಅಡಿ ಮೇಲೆ ಹೋದ್ರೆ ತುದಿಗಳನ್ನ ಇಳಿಬಿಟ್ಟು ಇನ್ವರ್ಟೆಡ್ ವೀ (ತಲೆಕೆಳಗಾದ V ಆಕಾರ) ಮಾಡಿ, ಸಾಕು. ಹತ್ರ ಸಿಲ್ವರ್ ಓಕ್ ಇದ್ರೆ ಬೇರೆ ಕಂಬಾನೇ ಬೇಡ. ಆದ್ರೆ ಮೆಣಸು ಕೊಯ್ಯೋ ಅಲ್ಯೂಮಿನಿಯಂ ಏಣಿ ತರಬೇಡಿ ದಯವಿಟ್ಟು, ಆ ಏಣಿ ಕರೆಂಟ್ ಲೈನಿಗೆ ತಾಗಿ ತೋಟಗಳಲ್ಲಿ ಎಷ್ಟು ಜೀವ ಹೋಗಿದೆ ನಿಮಗೇ ಗೊತ್ತು. ಹಗ್ಗಕ್ಕೆ ಕಲ್ಲು ಕಟ್ಟಿ ಕೊಂಬೆ ಮೇಲೆ ಎಸೀರಿ, ಅದೂ ಲೈನ್ ಇಲ್ಲದ ಕಡೆ ನೋಡ್ಕೊಂಡು.

ಇನ್ನೊಂದು, ಮ್ಯೂಸಿಯಂ ಒಳಗೆ ಎಲ್‌ಇಡಿ ಲೈಟು, ಟಿವಿ ಪರದೆ, ಅಡಾಪ್ಟರ್ ಎಲ್ಲ ಸೇರಿ ಗಲಾಟೆ ಜಾಸ್ತಿ ಇರುತ್ತೆ. ಹಿಂದಿನ ವಾರಾನೇ ಹೋಗಿ ರಿಸೀವರ್ ಹಚ್ಚಿ ಕೇಳಿ. ವರಾಂಡದಲ್ಲಿ ಬ್ಯಾಟರಿ ಮೇಲೆ ನಡೆಸಿದ್ರೆ ಒಳ್ಳೇದು, ನೂರು ವ್ಯಾಟ್ ಬಿಡೋವಾಗ ರಿಗ್ ಸುಮಾರು 20 ಆಂಪಿಯರ್ ಎಳೆಯುತ್ತೆ, ಸಣ್ಣ ಬ್ಯಾಟರಿ ಆಗಲ್ಲ.

ಟೀಚರ್_ಬೇಲೂರು:
ನಾನು ಹೈಸ್ಕೂಲಲ್ಲಿ ಸೈನ್ಸ್ ಹೇಳ್ಕೊಡೋಳು, ಲೈಸೆನ್ಸ್ ಇದೆ. ಗಿರಿತರಂಗ ಸರ್, ಹೆಡ್‌ಫೋನ್ ತೆಗೆದುಬಿಡಿ, ದೊಡ್ಡ ಸ್ಪೀಕರ್ ಇಡಿ, ಪಕ್ಕದಲ್ಲಿ ಒಬ್ರು ನಿಂತು ಈಗ ಮಾತಾಡ್ತಿರೋದು ಯಾರು ಯಾವ ಊರು ಅಂತ ಕನ್ನಡದಲ್ಲಿ ಹೇಳ್ತಾ ಇರಲಿ. ಅವ್ರು ರಿಗ್ ಮುಟ್ಟೋದೇ ಬೇಡ, ಮಾತಾಡೋದೇ ಅವ್ರ ಕೆಲಸ. ಕಾಂಟ್ಯಾಕ್ಟ್ ಎಷ್ಟಾಯ್ತು ಅನ್ನೋ ಲೆಕ್ಕ ಆವತ್ತು ಮರೀರಿ. ಗೋಡೆ ಮೇಲೆ ಪ್ರಪಂಚದ ಭೂಪಟ, ಒಂದೊಂದು ಕಾಂಟ್ಯಾಕ್ಟ್ ಆದಾಗ ಒಂದು ಮಗು ಕೈಲಿ ಪಿನ್ ಚುಚ್ಚಿಸಿ. ಇನ್ನೊಂದು ಟೇಬಲ್ ಮೇಲೆ ಮೋರ್ಸ್ ಕೀ, ಬಜರ್. ಅದು ರೇಡಿಯೋದಲ್ಲಿ ಪ್ರಸಾರ ಆಗಲ್ಲ ಹಾಗಾಗಿ ಯಾರ್ ಬೇಕಾದ್ರೂ ಒತ್ಬಹುದು, ಸಿಕ್ಯೂ (ಯಾರಾದ್ರೂ ಉತ್ತರ ಕೊಡಿ ಅನ್ನೋ ಕರೆ) ಅಂತ ಡಾ-ಡಿ-ಡಾ-ಡಿಟ್ ಡಾ-ಡಾ-ಡಿ-ಡಾ ಒತ್ತೋದು ಕಲಿಸಿದ್ರೆ ಸಾಕು, ಅಲ್ಲಿಂದ ಎಬ್ಬಿಸೋದೇ ಕಷ್ಟ ಆಗುತ್ತೆ ನೋಡಿ.

ಕೊಪ್ಪದವ:
ಮೇಡಂ ಭೂಪಟದ ವಿಷಯ ಹೇಳಿದ್ದೇ ಸರಿ ಮಾರಾಯ್ರೆ, ಕಾಫಿ ಸಂಬಂಧ ಅಲ್ಲೇ ಇದೆಯಲ್ಲ. ಕಾಫಿ ಬೆಳೆಯೋ ದೇಶಗಳನ್ನೇ ಹುಡುಕಿ ಕರೀರಿ. ಇಂಡೋನೇಷ್ಯಾದ ವೈಬಿ ಅಂತ ಶುರುವಾಗೋ ಕಾಲ್‌ಸೈನ್‌ಗಳು (ಸ್ಟೇಷನ್‌ನ ಗುರುತಿನ ಹೆಸರು) ನಮ್ಮ ಕಡೆ 20ರಲ್ಲಿ ಚೆನ್ನಾಗಿ ಕೇಳ್ತವೆ. ವಿಯೆಟ್ನಾಂ, ಇಥಿಯೋಪಿಯಾದ ಇಟಿ, ಕೀನ್ಯಾದ 5ಝಡ್ ಪ್ರಯತ್ನ ಮಾಡಿ, ಬ್ರೆಜಿಲ್‌ನ ಪಿವೈ, ಕೊಲಂಬಿಯಾದ ಎಚ್‌ಕೆ ಮ್ಯೂಸಿಯಂ ಬಾಗಿಲು ತೆರೆದಿರೋ ಹೊತ್ತಲ್ಲಿ ಸಿಕ್ಕಿದ್ರೆ ಪುಣ್ಯ. ಬಾಬಾ ಬುಡನ್ ಏಳು ಬೀಜ ತಂದ್ರು ಅಂತ ನಾವೆಲ್ಲ ಕೇಳ್ಕೊಂಡು ಬೆಳೆದಿದ್ದು ಯೆಮನ್‌ನ ಮೋಕಾ ಬಂದರಿಂದ, ಆ ಯೆಮನ್ ಹ್ಯಾಮ್ ಬ್ಯಾಂಡಲ್ಲಿ ಬಲು ಅಪರೂಪ, 7ಓ ಅಂತ ಕೇಳಿದ್ರೆ ಪ್ರಪಂಚವೇ ಮುಗಿಬೀಳುತ್ತೆ. ಅದನ್ನೂ ಭೂಪಟದಲ್ಲಿ ಗುರುತು ಹಾಕಿ ಮಕ್ಕಳಿಗೆ ಹೇಳಿ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಶುರುವಾಗಿದ್ದು 1925ರಲ್ಲಿ, ಹ್ಯಾಮ್‌ಗಳ ಅಂತಾರಾಷ್ಟ್ರೀಯ ಒಕ್ಕೂಟ ಐಎಆರ್‌ಯು ಪ್ಯಾರಿಸ್‌ನಲ್ಲಿ ಹುಟ್ಟಿದ್ದೂ 1925ರಲ್ಲೇ, ಬೋರ್ಡಲ್ಲಿ ಬರೆದು ಹಾಕಿ.

ದಿನಕ್ಕೆ ನನ್ನ ವೋಟು ಮೇ ಅಲ್ಲ, ಅಕ್ಟೋಬರ್ 1. ಅದು ಅಂತಾರಾಷ್ಟ್ರೀಯ ಕಾಫಿ ದಿನ, ಮಳೆಯ ಜೋರೂ ಇಳಿದಿರುತ್ತೆ, ತಯಾರಿಗೂ ಟೈಮ್ ಸಿಗುತ್ತೆ.

ಗಿರಿತರಂಗ:
ಕೊಪ್ಪದ ಅಣ್ಣ, ಇದು ನಮಗೆ ಹೊಳೆದೇ ಇರ್ಲಿಲ್ಲ, ತುಂಬಾ ಥ್ಯಾಂಕ್ಸ್! ಅಕ್ಟೋಬರ್ ವಿಷಯ ಭಾನುವಾರ ಕ್ಲಬ್ಬಲ್ಲಿ ಎತ್ತುತೀನಿ. ಕ್ಯೂಎಸ್‌ಎಲ್ ಕಾರ್ಡಿಗೆ (ಕಾಂಟ್ಯಾಕ್ಟ್ ಆಗಿದ್ದಕ್ಕೆ ಕಳಿಸೋ ಖಾತ್ರಿ ಕಾರ್ಡು) ಹೂಮಳೆ ಆದ್ಮೇಲೆ ಬಿಳಿ ಆಗಿರೋ ತೋಟದ ಫೋಟೋ ಹಾಕ್ತೀವಿ. ಟೀಚರ್ ಮೇಡಂ, ಮಕ್ಕಳ ಕೈಗೆ ಮೈಕ್ ಕೊಟ್ಟು ಒಂದು ನಮಸ್ಕಾರ ಹೇಳಿಸ್ಬಹುದಾ?

ಡೈಪೋಲ್_ಹಾಸನ:
ಬೇಡ, ಲೈಸೆನ್ಸ್ ಇಲ್ದೋರ ಕೈಲಿ ಪ್ರಸಾರ ಮಾಡ್ಸೋ ಹಾಗಿಲ್ಲ. ಮಗು ಹೆಸರು, ಊರು ಕೇಳ್ಕೊಂಡು ಇಂಥೋರು ಪಕ್ಕದಲ್ಲಿ ಕೂತು ಕೇಳ್ತಿದಾರೆ ಅಂತ ಆಪರೇಟರೇ ಹೇಳಲಿ. ಸ್ಪೆಷಲ್ ಕಾಲ್‌ಸೈನ್ ಬೇಕಿದ್ರೆ ಡಬ್ಲ್ಯೂಪಿಸಿಗೆ (ಹ್ಯಾಮ್ ಲೈಸೆನ್ಸ್ ಕೊಡೋ ಕೇಂದ್ರ ಸರ್ಕಾರದ ಕಚೇರಿ) ಸಾಕಷ್ಟು ಮುಂಚೆ ಅರ್ಜಿ ಹಾಕಿ, ಲೈಸೆನ್ಸಲ್ಲಿರೋ ವಿಳಾಸ ಬಿಟ್ಟು ಬೇರೆ ಜಾಗದಲ್ಲಿ ಸ್ಟೇಷನ್ ಹಾಕೋ ಅನುಮತೀನೂ ಅದರ ಜೊತೆಗೇ ನೋಡ್ಕೊಳಿ, ಮ್ಯೂಸಿಯಂನೋರ ಹತ್ರ ಬರವಣಿಗೇಲಿ ಒಪ್ಪಿಗೆ ತಗೊಳಿ. ದಿನ ಗಟ್ಟಿ ಆದ್ಮೇಲೆ ಫ್ರೀಕ್ವೆನ್ಸಿ ಇಲ್ಲೇ ಹಾಕಿ, 7 ಮೆಗಾಹರ್ಟ್ಸ್‌ನಲ್ಲಿ ಹಾಸನದಿಂದ ಮೊದಲ ಕಾಲ್ ನಂದೇ. 73 (ಶುಭಾಶಯ).