ಪದಚರ್ಚೆ: ಗಾತ್ರ, ಘನಫಲ, ಸಾಮರ್ಥ್ಯ – ಐದನೇ ತರಗತಿಗೆ ಯಾವುದು?

ಪ್ರಶ್ನೆ (ಅರಸೀಕೆರೆಯಿಂದ):

ಐದನೇ ತರಗತಿಗೆ ಅಳತೆಯ ಚಟುವಟಿಕೆಗಳನ್ನು ಬರೆಯುತ್ತಿದ್ದೇವೆ. ಕಲ್ಲು, ಲೋಟ, ಉಂಡೆ, ಹೀಗೆ ಮನೆಯಲ್ಲಿ ಸಿಗುವುದನ್ನೇ ಅಳೆಸುವುದು. ವಿಜ್ಞಾನದಲ್ಲಿ ‘ಗಾತ್ರ’ ಎನ್ನುತ್ತಾರೆ, ಗಣಿತದಲ್ಲಿ ‘ಘನಫಲ’, ಪಾತ್ರೆಗೆ ‘ಸಾಮರ್ಥ್ಯ’. ಮೂರರಲ್ಲಿ ಒಂದನ್ನೇ ಇಟ್ಟುಕೊಂಡರೆ ಸಾಕೇ?

ಉತ್ತರ (ಕಡೂರಿನಿಂದ):

ಸಾಲದು ಸಾರ್. ಅಲ್ಲಿರುವುದೇ ಎರಡು ಬೇರೆ ಅಳತೆ. ಹಾಗೆಂದು ಪಾರಿಭಾಷಿಕ ಪದಗಳನ್ನು ಮೊದಲ ದಿನವೇ ಹೇರಬೇಕಿಲ್ಲ. ಚೊಂಬಿನಲ್ಲಿ ನೀರು ‘ಹಿಡಿಸುತ್ತೆ’, ಕಲ್ಲು ಜಾಗ ‘ಹಿಡಿಯುತ್ತೆ’ ಎಂದು ಮಕ್ಕಳು ಆಗಲೇ ಬೇರೆ ಮಾಡಿ ಮಾತಾಡುತ್ತಾರೆ. ಪಾಠ ಅಲ್ಲಿಂದ ಹೊರಡಲಿ.

ಸುಮಾರು 80 ಗ್ರಾಂ ತೂಗುವ, 200 ಮಿ.ಲೀ. ಹಿಡಿಸುವ ಸ್ಟೀಲ್ ಲೋಟ ತೆಗೆದುಕೊಳ್ಳಿ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಗೆ ಅಂಚಿನಿಂದ ಎರಡು ಬೆರಳು ಕೆಳಗೆ ತೂತು ಕೊರೆದು, ಸ್ಟ್ರಾ ತುಂಡನ್ನು ಕೊಂಚ ಕೆಳಮುಖವಾಗಿ ಸಿಕ್ಕಿಸಿ, ಸುತ್ತ ಮೇಣ ಮೆತ್ತಿ. ಸ್ಟ್ರಾದಿಂದ ಹೊರಗೆ ಹರಿಯುವವರೆಗೆ ನೀರು ತುಂಬಿ. ಕೊನೆಯ ಹನಿ ನಿಲ್ಲುವ ತನಕ ಕಾಯಲೇಬೇಕು. ಈಗ ಅಳತೆ ಜಾಡಿಯನ್ನು ಸ್ಟ್ರಾದ ಕೆಳಗಿಟ್ಟು, ಲೋಟಕ್ಕೆ ದಾರ ಕಟ್ಟಿ, ಓರೆಯಾಗಿ ನಿಧಾನಕ್ಕೆ ಪೂರ್ತಿ ಮುಳುಗಿಸಿ. ಹೊರಬರುವುದು 10 ಮಿ.ಲೀ. ಆಸುಪಾಸು ಮಾತ್ರ, ಏಕೆಂದರೆ ಒಂದು ಘನ ಸೆಂ.ಮೀ. ಸ್ಟೀಲು ಹೆಚ್ಚುಕಡಿಮೆ 8 ಗ್ರಾಂ ತೂಗುತ್ತದೆ. ಹಿಡಿಸುವುದು 200, ತಾನು ಹಿಡಿಯುವುದು 10. ಇದನ್ನು ಕಂಡ ಮೇಲೆ ‘ಸಾಮರ್ಥ್ಯ’, ‘ಗಾತ್ರ’ ಎಂದು ಹೆಸರಿಟ್ಟರೆ ಹೆಸರು ನಿಲ್ಲುತ್ತದೆ.

ಲೋಟವನ್ನು ಬೋರಲು ಹಾಕಿ ಅದುಮಿದರೆ ಒಳಗೆ ಗಾಳಿ ಸಿಕ್ಕಿಕೊಂಡು ಲೆಕ್ಕ ವಿಪರೀತ ಏರುತ್ತದೆ. ಬೆರಳೂ ನೀರಿಗಿಳಿಯಬಾರದು. 10 ಮಿ.ಲೀ. ಓದಲು ಅಗಲ ಜಾಡಿ ಕೆಲಸಕ್ಕೆ ಬಾರದು, ಸೂಜಿ ತೆಗೆದ 20 ಮಿ.ಲೀ. ಸಿರಿಂಜಿಗೆ ಎಳೆದು ನೋಡುವುದು ಲೇಸು.

‘ಗಾತ್ರ’ ಎಂದೊಡನೆ ಮಕ್ಕಳು ಎತ್ತರವನ್ನೋ ದಪ್ಪವನ್ನೋ ನೋಡುತ್ತಾರೆ ಎಂಬ ತೊಡಕು ನಿಜ. ಆದರೂ ನನ್ನ ಮತ ಗಾತ್ರಕ್ಕೇ. ‘ಘನಫಲ’ದ ‘ಫಲ’ ಕ್ಷೇತ್ರಫಲದಲ್ಲಿರುವಂತೆ ಲೆಕ್ಕ ಹಾಕಿ ಪಡೆದದ್ದು. ಹಳೇಬೀಡು, ಬೇಲೂರಿನ ಶಿಲ್ಪಗಳಿಗೆ ಬಳಸಿದ ಬಗೆಯ ಬಳಪದ ಕಲ್ಲು ಗರಗಸಕ್ಕೆ ಬಗ್ಗುವಷ್ಟು ಮೆದು. ಅದರಲ್ಲಿ 5 × 3 × 2 ಸೆಂ.ಮೀ. ತುಂಡು ಕೊಯ್ಸಿಕೊಂಡರೆ ಗುಣಿಸಿದಾಗ 30 ಘನ ಸೆಂ.ಮೀ., ಮುಳುಗಿಸಿದಾಗ 30 ಮಿ.ಲೀ. ಎರಡೂ ಒಂದೇ ಎಂದು ಅಲ್ಲೇ ಗೊತ್ತಾಗುತ್ತದೆ. ಸೂತ್ರ ಬರುವ ತರಗತಿಗೆ ಘನಫಲವನ್ನು ಕಾದಿಡಿ.

‘ಸ್ಥಾನಪಲ್ಲಟ’ ಈಗಲೇ ಬೇಡ. ಮುಂದೆ ಚಲನೆಯ ಪಾಠದಲ್ಲಿ ಅದೇ ಪದ ಬೇರೆ ಅರ್ಥದಲ್ಲಿ ಬರುತ್ತದೆ. ‘ಹೊರಚೆಲ್ಲಿದ ನೀರು’ ಸಾಕು. ‘ಸೇರು’ ಬಳಸುವುದಾದರೆ ಎಚ್ಚರ, ಅದು ತೂಕಕ್ಕೂ ಇತ್ತು, ಅಳತೆಗೂ ಇತ್ತು.

ಉಂಡೆ ನೀರಲ್ಲಿ ಕರಗುತ್ತದಲ್ಲ, ಅದಕ್ಕೆ ರಾಗಿ ಬಳಸಿ. ಡಬ್ಬಿ ತುಂಬ ರಾಗಿ ಸುರಿದು ಸ್ಕೇಲಿನಿಂದ ಬಾಯಿಮಟ್ಟಕ್ಕೆ ಸವರಿ. ಅಷ್ಟನ್ನೂ ಬೇರೆಡೆಗೆ ಬಗ್ಗಿಸಿ, ಖಾಲಿ ಡಬ್ಬಿಯಲ್ಲಿ ಉಂಡೆ ಇಟ್ಟು, ಅದೇ ರಾಗಿಯನ್ನು ಮತ್ತೆ ಸುರಿದು ಸವರಿ. ಉಳಿದ ರಾಗಿಯನ್ನು ಜಾಡಿಯಲ್ಲಿ ಅಳೆದರೆ ಅದೇ ಉಂಡೆಯ ಗಾತ್ರ. ಎರಡು ಸಲವೂ ಒಂದೇ ಎತ್ತರದಿಂದ ಸುರಿಯಬೇಕು, ಡಬ್ಬಿ ಕುಲುಕಬಾರದು. ಕುಲುಕಿದರೆ ಕಾಳು ಒತ್ತಾಗಿ ಕೂತು, ಉಳಿಯುವ ರಾಗಿ ಕಡಿಮೆಯಾಗುತ್ತದೆ.