ಪದ ಬೇಕು: ‘ಕೇರ್‌ಲೆಸ್ ಟಾಕ್’ (ನಾಳೆ ಬೆಳಗ್ಗೆ ಪ್ರಿಂಟಿಗೆ ಹೋಗಬೇಕು)

ಎಲ್ಲರಿಗೂ ನಮಸ್ಕಾರ.

ಕಾಲೇಜಿನ ಪ್ರದರ್ಶನಕ್ಕೆ ಎರಡನೇ ಮಹಾಯುದ್ಧದ ಪೋಸ್ಟರ್‌ಗಳ ನಕಲು ಹಾಕುತ್ತಿದ್ದೇವೆ. ಪ್ರತಿಯೊಂದರ ಕೆಳಗೆ ಕನ್ನಡದಲ್ಲಿ ಒಂದು ಸಾಲು. ಒಂದು ಪೋಸ್ಟರ್ 1940ರದ್ದು. ಫೂಗಾಸ್ ಎಂಬ ವ್ಯಂಗ್ಯಚಿತ್ರಕಾರ ಬ್ರಿಟನ್ ಸರ್ಕಾರಕ್ಕೆ ಬರೆದುಕೊಟ್ಟದ್ದು. ಬಸ್ಸಿನಲ್ಲಿ ಇಬ್ಬರು ಹೆಂಗಸರು ಮಾತಿಗೆ ಕೂತಿದ್ದಾರೆ. ಹಿಂದಿನ ಸೀಟಿನಲ್ಲಿ ಹಿಟ್ಲರ್, ಪಕ್ಕದಲ್ಲಿ ಅವನ ವಾಯುಪಡೆಯ ಮುಖ್ಯಸ್ಥ ಗೋರಿಂಗ್. ಸುತ್ತ ಕೆಂಪು ಅಂಚು. ಬರಹ: ‘ಕೇರ್‌ಲೆಸ್ ಟಾಕ್ ಕಾಸ್ಟ್ಸ್ ಲೈವ್ಸ್’.

‘ಅಜಾಗರೂಕ ಮಾತು ಪ್ರಾಣಹಾನಿಗೆ ಕಾರಣ’ ಅಂತ ಬರೆದಿದ್ದೆ. ಓದಿದ ಹುಡುಗಿಯೊಬ್ಬಳು ‘ಸಾರ್, ಇದು ಸಿಗರೇಟ್ ಪ್ಯಾಕ್ ಮೇಲಿನದ್ದಾ?’ ಅಂದಳು. ನಾಲ್ಕು ಪದ ಮೀರಬಾರದು. ದಯವಿಟ್ಟು ಬೇಗ ಹೇಳಿ.

ಉತ್ತರ:
‘ಗಾಳಿಮಾತು ಜೀವಕ್ಕೆ ಮುಳುವು’. ಮುಗೀತಲ್ಲ.

ಉತ್ತರ:
ಮುಗಿಯಲಿಲ್ಲ. ಗಾಳಿಮಾತು ಸುಳ್ಳೂ ಆಗಿರಬಹುದು. ಇಲ್ಲಿ ಆಡಿದ ಮಾತು ನಿಜ, ಕಷ್ಟ ಇರೋದೇ ಅಲ್ಲಿ. ‘ನಮ್ಮ ಹುಡುಗನ ಹಡಗು ಮಂಗಳವಾರ ಹೊರಡುತ್ತಂತೆ’ ಅಂತ ತಾಯಿ ಪಕ್ಕದ ಮನೆಯವಳಿಗೆ ಹೇಳ್ತಾಳೆ. ಅದು ಗಾಳಿಮಾತಾ? ‘ಹರಟೆ’ಯೂ ಬೇಡ. ನಮಗೆ ಹರಟೆ ಅಂದರೆ ಕಾಫಿ, ಚಕ್ಕುಲಿ ನೆನಪಾಗುತ್ತೆ, ಸಾವಲ್ಲ. ‘ಬಾಯಿಬಿಟ್ಟರೆ’ ಅಂತ ಇನ್ಯಾರಾದರೂ ಹೇಳುವ ಮೊದಲೇ ಹೇಳಿಬಿಡ್ತೀನಿ: ಪೊಲೀಸರು ನಾಲ್ಕು ಬಿಟ್ಟ ಮೇಲೆ ಕಳ್ಳ ಬಾಯಿಬಿಡ್ತಾನೆ. ಬಸ್ಸಿನ ಹೆಂಗಸರಿಗೆ ಯಾರೂ ಹೊಡೆದಿಲ್ಲ.

ಉತ್ತರ:
ಪ್ರಾಣ, ಹಾನಿ, ಕಾರಣ, ಜೀವ. ಎಲ್ಲವೂ ಸಂಸ್ಕೃತ. ಕೇಳಿದವರಿಗೆ ಕನ್ನಡ ಬೇಕೋ ಬೇಡವೋ? ‘ಗುಟ್ಟು ರಟ್ಟಾದರೆ ಉಸಿರು ನಿಂತೀತು’ ಅನ್ನಿ. ಪೋಸ್ಟರ್ ಅನ್ನೋದೂ ಬೇಡ, ‘ಗೋಡೆಹಾಳೆ’ ಸಾಕು.

ಉತ್ತರ:
ನಿಮ್ಮ ಅಚ್ಚಗನ್ನಡದ ‘ಗುಟ್ಟು’ ಬಂದದ್ದೇ ‘ಗುಪ್ತ’ದಿಂದ. ಮೊದಲು ನಿಮ್ಮ ಮನೆ ಗುಡಿಸಿಕೊಳ್ಳಿ.

ಉತ್ತರ:
ತಪ್ಪು. ಗುಪ್ತ ಪ್ರಾಕೃತದಲ್ಲಿ ‘ಗುತ್ತ’ ಆಗುತ್ತೆ. ಸಪ್ತ ಸತ್ತ ಆದ ಹಾಗೆ, ರಕ್ತ ರತ್ತ ಆದ ಹಾಗೆ. ಟಕಾರ ಎಲ್ಲಿಂದ ಬಂತು? ತಮಿಳಿನ ‘ಕುಟ್ಟು’, ತೆಲುಗಿನ ‘ಗುಟ್ಟು’ ನೋಡಿ. ತೆಲುಗರೂ ಗುಟ್ಟು ರಟ್ಟು ಮಾಡ್ತಾರೆ. ಇದನ್ನು ಎಷ್ಟು ಸಲ ಬರೆಯಲಿ?

ಉತ್ತರ:
ಸ್ವಾಮಿ, ನಾನು ಕೇಳಿದ್ದು ಗುಟ್ಟಿನ ಹುಟ್ಟನ್ನಲ್ಲ. ರಟ್ಟು ಕತ್ತರಿಸಿ ಆಗಿದೆ. ಪ್ರಿಂಟಿನವನು ಆಗಲೇ ಎರಡು ಸಲ ಫೋನ್ ಮಾಡಿದ. ‘ಉಸಿರು ನಿಂತೀತು’ ಅಂದರೆ ಮಕ್ಕಳು ದಮ್ಮಿನ ಕಾಯಿಲೆ ಅಂದುಕೊಳ್ತಾರೆ.

ಉತ್ತರ:
ತಡವಾಗಿ ನೋಡಿದೆ. ‘ಬಾಯಿ ಜಾರಿದರೆ ಜೀವ ಹೋದೀತು.’

‘ಬಾಯಿ ಜಾರಿ ಹೇಳಿಬಿಟ್ಟೆ’ ಅಂತೀವಲ್ಲ, ಅದೇ. ಕೆಟ್ಟ ಉದ್ದೇಶ ಇಲ್ಲ, ಎಚ್ಚರವೂ ಇಲ್ಲ. ‘ಕೇರ್‌ಲೆಸ್’ನಲ್ಲಿ ಇರೋದು ಅಷ್ಟೇ. ‘ಹೋದೀತು’ ಅನ್ನೋದನ್ನು ‘ಹೋಗುತ್ತದೆ’ ಅಂತ ಮಾತ್ರ ತಿದ್ದಬೇಡಿ, ‘ಹೋಗಬಹುದು’ ಅನ್ನೋ ಅಳುಕು ಬೇಕು. ಅಮೆರಿಕದ ‘ಲೂಸ್ ಲಿಪ್ಸ್’ ಪೋಸ್ಟರ್ ಕೂಡ ನಿಮ್ಮ ಪಟ್ಟಿಯಲ್ಲಿ ಇರಬೇಕು, ಉರಿಯುತ್ತಾ ಮುಳುಗುವ ಹಡಗಿನದ್ದು. ಎಲ್ಲರೂ ಅದನ್ನು ‘ಲೂಸ್ ಲಿಪ್ಸ್ ಸಿಂಕ್ ಶಿಪ್ಸ್’ ಅಂತಲೇ ಹೇಳ್ತಾರೆ. ಪೋಸ್ಟರಿನಲ್ಲಿ ನಡುವೆ ‘ಮೈಟ್’ ಇದೆ. ಇಂಗ್ಲಿಷಿನಲ್ಲಿ ಅದಕ್ಕೆ ಒಂದು ಪದ ಬೇಕು, ನಮಗೆ ‘ಈತು’ ಸಾಕು: ‘ಬಾಯಿ ಸಡಿಲಾದರೆ ಹಡಗು ಮುಳುಗೀತು’. ಅದನ್ನು ಹೊರಡಿಸಿದ್ದು ಸೀಗ್ರಾಮ್, ಮದ್ಯದ ಕಂಪನಿ. ಗುಂಡು ಒಳಗೆ ಹೋದರೆ ಬಾಯಿ ಎಷ್ಟು ಸಡಿಲವಾಗುತ್ತೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಬ್ರಿಟನ್ನಿನ ಇನ್ನೊಂದು ಪೋಸ್ಟರ್, ‘ಬಿ ಲೈಕ್ ಡ್ಯಾಡ್, ಕೀಪ್ ಮಮ್’, ಅದನ್ನು ಮಾತ್ರ ಮುಟ್ಟಬೇಡಿ. ‘ಮಮ್’ ಅಂದರೆ ಮೌನವೂ ಹೌದು, ಅಮ್ಮನೂ ಹೌದು. ಅಪ್ಪನ ಹಾಗೆ ಬಾಯಿ ಮುಚ್ಚಿಕೊಂಡಿರು ಅಂತಲೂ ಆಗುತ್ತೆ, ಅಪ್ಪನ ಹಾಗೆ ಅಮ್ಮನನ್ನು ಸಾಕು ಅಂತಲೂ ಆಗುತ್ತೆ. ಕನ್ನಡದಲ್ಲಿ ಆ ಶ್ಲೇಷೆ ಏಳೋದಿಲ್ಲ. ಅದು ಹೆಂಗಸರಿಗೆ ಅವಮಾನ ಅಂತ ಸಂಸದೆ ಎಡಿತ್ ಸಮ್ಮರ್‌ಸ್ಕಿಲ್ ಆಗಲೇ ತಕರಾರು ಎತ್ತಿದ್ದರು. ಬೇಕಾದರೆ ಆ ಕತೆಯನ್ನೇ ಕೆಳಗೆ ಬರೆಯಿರಿ.

ಉತ್ತರ:
ಮತ್ತೆ ‘ಜೀವ’. ‘ಹಡಗು’ ಬಗ್ಗೆ ನನ್ನ ತಕರಾರಿಲ್ಲ, ಅದು ಹಳಗನ್ನಡದ ಪಡಗು. ಎಲ್ಲರೂ ಹಾಗೇ ಬರೆದರೆ ನುಡಿ ಉಳಿದೀತು.

ಉತ್ತರ:
‘ತಕರಾರು’ ಅರಬ್ಬಿಯಿಂದ ಬಂದದ್ದು.

ಉತ್ತರ:
ಜಾರಿದ ಬಾಯಿ ಪ್ರಿಂಟಿಗೆ ಹೋಯಿತು, ತುಂಬಾ ಉಪಕಾರವಾಯಿತು. ‘ಪೋಸ್ಟರ್’ ಪೋಸ್ಟರಾಗಿಯೇ ಇದೆ, ಕ್ಷಮಿಸಿ. ಇನ್ನೊಂದು ಉಳಿದಿದೆ. 1941ರ ರಷ್ಯನ್ ಪೋಸ್ಟರ್, ನೀನಾ ವತೋಲಿನಾ ಬರೆದದ್ದು. ಕೆಂಪು ತಲೆವಸ್ತ್ರದ ಹೆಂಗಸು, ತುಟಿಯ ಮೇಲೆ ಬೆರಳು. ‘ನೆ ಬೊಲ್ತಾಯ್’ ಅಂತಿದೆ. ಒಂದೇ ಪದ ಸಿಕ್ಕೀತಾ?

ಉತ್ತರ:
ಬಾಯ್ಮುಚ್ಚು.

ಬೈಗುಳವಲ್ಲ, ಅನುವಾದ. ರಷ್ಯನ್ನಿನಲ್ಲೂ ಅದು ಏಕವಚನವೇ.